ಕೆಂಪು ಮಸಿಯ ಹದಿನೇಳು ಗುರುತುಗಳು

ಪ್ರಯೋಗಾಲಯದ ಸಹಾಯಕರೊಬ್ಬರ ಹಾಜರಿ ಪುಸ್ತಕ ನನ್ನ ಮೇಜಿಗೆ ಬಂದ ದಿನ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಎರಡು ತಿಂಗಳ ಪುಟಗಳಲ್ಲಿ 17 ಕಡೆ, ಅವರ ಸಹಿಯ ಪಕ್ಕದಲ್ಲಿ, ಕೆಂಪು ಮಸಿಯಲ್ಲಿ 'ತಡ' ಎಂದು ಬರೆದಿತ್ತು. ಕೊನೆಕೊನೆಗೆ ಬರೆದವರಿಗೂ ಸಿಟ್ಟು ಏರಿರಬೇಕು, ಅಕ್ಷರ ದಪ್ಪವಾಗುತ್ತ ಹೋಗಿ ಒಂದೆರಡು ಕಡೆ ಕಾಗದ ಹರಿದಿತ್ತು. ಜೊತೆಗಿದ್ದ ಕಡತದಲ್ಲಿ ಎರಡು ಜ್ಞಾಪನಗಳು, ಅವುಗಳ ಮೇಲೆ ಒಂದು ಟಿಪ್ಪಣಿ: 'ಸದರಿ ನೌಕರರು ಜ್ಞಾಪನಗಳಿಗೆ ಉತ್ತರಿಸಿರುವುದಿಲ್ಲ. ಸೇವೆಯಿಂದ ತೆಗೆದುಹಾಕುವ ಆದೇಶದ ಕರಡನ್ನು ಮಂಡಿಸುವುದು.'

ಕರಡು ಬರೆಯಬೇಕಾದವಳು ನಾನು. ವಿಶ್ವವಿದ್ಯಾಲಯವೊಂದರ ಸಿಬ್ಬಂದಿ ವಿಭಾಗದಲ್ಲಿ ಶಿಸ್ತು ಪ್ರಕರಣಗಳ ಕಡತ ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಆದೇಶದ ನಮೂನೆಯಲ್ಲಿ 'ನೌಕರರ ವಿವರಣೆ' ಎಂಬ ಅಂಕಣವಿರುತ್ತದೆ. ಅಲ್ಲಿ ಯಾರೋ ಪೆನ್ಸಿಲ್‌ನಲ್ಲಿ 'ಇಲ್ಲ' ಎಂದು ಬರೆದಿಟ್ಟಿದ್ದರು. ಆ ಪೆನ್ಸಿಲ್ ಬರಹದ ಮೇಲೆ ಪೆನ್ನು ಓಡಿಸಲು ನನಗೆ ಮನಸ್ಸು ಬರಲಿಲ್ಲ. ಅವರನ್ನು ಕರೆಸಿದೆ.

ಮಧ್ಯಾಹ್ನ ಬಂದು ಬಾಗಿಲ ಬಳಿಯೇ ನಿಂತರು. ಕುಳಿತುಕೊಳ್ಳಿ ಎಂದರೂ ಕುಳಿತುಕೊಳ್ಳಲಿಲ್ಲ. ಜ್ಞಾಪನಕ್ಕೆ ಯಾಕೆ ಉತ್ತರ ಬರೆಯಲಿಲ್ಲ ಎಂದು ಕೇಳಿದೆ.

"ತಡವಾಗಿ ಬಂದಿರುವುದು ನಿಜವೇ ಅಲ್ಲವೇ ಎಂದು ಕೇಳಿದ್ದರು, ಮೇಡಂ. ಬಂದಿರುವುದು ನಿಜ. ಇನ್ನೇನು ಬರೆಯಲಿ?"

"ಯಾಕೆ ತಡವಾಯಿತು?"

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಹೇಳಬಾರದ್ದನ್ನು ಹೇಳುತ್ತಿರುವವರಂತೆ ದನಿ ತಗ್ಗಿಸಿ ಹೇಳಿದರು. ಪ್ರಯೋಗಪ್ರಾಣಿಗಳ ಮನೆಯನ್ನು ನೋಡಿಕೊಳ್ಳುತ್ತಿದ್ದವರು ನಿವೃತ್ತರಾದ ಮೇಲೆ ಆ ಹುದ್ದೆ ಖಾಲಿಯೇ ಉಳಿದಿತ್ತು. ಇಲಿಗಳಿಗೆ ಬೆಳಗ್ಗೆ ಆಹಾರ, ನೀರು ಇಡಬೇಕು, ಪಂಜರ ತೊಳೆಯಬೇಕು. ವಿಭಾಗದ ಮುಖ್ಯಸ್ಥರು 'ಸ್ವಲ್ಪ ದಿನ ನೀನೇ ನೋಡಿಕೋ' ಎಂದಿದ್ದರಂತೆ. ಬಾಯಿಮಾತಿನ ಅಪ್ಪಣೆ. ಬೆಳಗ್ಗೆ ಆರಕ್ಕೆ ಬಂದು ಒಂಬತ್ತರವರೆಗೆ ಅಲ್ಲಿ ದುಡಿದು, ಮನೆಗೆ ಹೋಗಿ ಸ್ನಾನ, ಊಟ ಮುಗಿಸಿ ಮತ್ತೆ ಬರುವಷ್ಟರಲ್ಲಿ ಹನ್ನೊಂದು ದಾಟುತ್ತಿತ್ತು.

ನಾನು ಆ ಕಟ್ಟಡಕ್ಕೆ ಹೋದೆ. ಬಾಗಿಲ ಪಕ್ಕದ ಮೊಳೆಗೆ ದಾರ ಕಟ್ಟಿ ತೂಗುಹಾಕಿದ್ದ ಒಂದು ನೋಟ್‌ಬುಕ್ ಇತ್ತು. ಕೋಣೆಯ ಉಷ್ಣಾಂಶ, ಇಟ್ಟ ಆಹಾರದ ತೂಕ, ಬದಲಿಸಿದ ಪಂಜರಗಳ ಸಂಖ್ಯೆ ಎಲ್ಲವೂ ನೀಲಿ ಮಸಿಯಲ್ಲಿ ಅವರದೇ ದುಂಡು ಅಕ್ಷರದಲ್ಲಿತ್ತು. ಬೆಳಗ್ಗೆ 6.10, 6.05, 6.10. ಭಾನುವಾರವೂ ಇತ್ತು. ಕೆಂಪು ಮಸಿ ಬಿದ್ದ 17 ದಿನಗಳೂ ಅಲ್ಲಿದ್ದವು. ಒಂದೇ ಮನುಷ್ಯನ ಒಂದೇ ದಿನಕ್ಕೆ ವಿಶ್ವವಿದ್ಯಾಲಯದಲ್ಲಿ ಎರಡು ಪುಸ್ತಕಗಳಿದ್ದವು. ನಾವು ಓದಿದ್ದು ಒಂದನ್ನು ಮಾತ್ರ.

'ಇದನ್ನು ಮೊದಲೇ ಬರೆದುಕೊಟ್ಟಿದ್ದರೆ ಏನಾಗುತ್ತಿತ್ತು' ಎಂದು ಕೇಳಿದಾಗ ಅವರು ಹೇಳಿದ ಮಾತು ನನಗೆ ಇಡೀ ನಿಯಮಾವಳಿಗಿಂತ ಹೆಚ್ಚು ಕಲಿಸಿತು. "ಬರೆದರೆ ಮುಖ್ಯಸ್ಥರ ಮೇಲೆ ದೂರು ಕೊಟ್ಟಂತಾಗುತ್ತದೆ, ಮೇಡಂ."

ನೋಟಿಸ್ ಕೊಟ್ಟ ಮಾತ್ರಕ್ಕೆ ಎಲ್ಲರಿಗೂ ಉತ್ತರಿಸಲು ಬರುತ್ತದೆ ಎಂದು ನಾವು ಅಂದುಕೊಂಡುಬಿಟ್ಟಿರುತ್ತೇವೆ. ಕಾರಣ ಕೇಳುವ ನೋಟಿಸ್ ಕೈಗೆ ಬಂದರೆ ಪ್ರಾಧ್ಯಾಪಕರು ಅದೇ ಸಂಜೆ ನಾಲ್ಕು ಪುಟದ ಉತ್ತರ ಸಿದ್ಧಪಡಿಸುತ್ತಾರೆ. ಸಂಘದ ಪದಾಧಿಕಾರಿಗಳಿಗೆ ಫೋನ್ ಹೋಗುತ್ತದೆ, ಕಾನೂನು ವಿಭಾಗದ ಸಹೋದ್ಯೋಗಿ ಒಂದು ಕಣ್ಣು ಹಾಯಿಸಿ ಕೊಡುತ್ತಾರೆ. ಅದೇ ನೋಟಿಸ್ ಸಹಾಯಕರ ಕೈಗೆ ಹೋದರೆ ಅದನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಾರೆ. ಯಾರಿಗೆ ತೋರಿಸುವುದು ಎಂಬುದೇ ಅವರಿಗೆ ದೊಡ್ಡ ಪ್ರಶ್ನೆ. ತೋರಿಸಿದರೆ ಮಾನ ಹೋಗುತ್ತದೆ ಎಂಬ ಭಯ ಬೇರೆ. ಕಾಗದದ ಮೇಲೆ ಇಬ್ಬರಿಗೂ ಏಳು ದಿನಗಳ ಕಾಲಾವಕಾಶವಿರುತ್ತದೆ. ಆ ಏಳು ದಿನಗಳು ಇಬ್ಬರಿಗೂ ಒಂದೇ ಅಲ್ಲ.

ವಿಶ್ವವಿದ್ಯಾಲಯಗಳಲ್ಲಿ ಶಿಸ್ತು ಎಂದೊಡನೆ ನನಗೆ ನೆನಪಾಗುವುದು ಮುನ್ನೂರು ವರ್ಷ ಹಳೆಯ ಒಂದು ಜಗಳ. ರಿಚರ್ಡ್ ಬೆಂಟ್ಲಿ ಎಂಬವರು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ಮುಖ್ಯಸ್ಥರು, ಗ್ರೀಕ್ ಮತ್ತು ಲ್ಯಾಟಿನ್ ಸಾಹಿತ್ಯದಲ್ಲಿ ದೊಡ್ಡ ಹೆಸರು, ದೇವತಾಶಾಸ್ತ್ರದ ಪ್ರಾಧ್ಯಾಪಕರು ಕೂಡ. ವಿದ್ವತ್ತಿನಷ್ಟೇ ಜಗಳಕ್ಕೂ ಹೆಸರಾದವರು. 1717ರಲ್ಲಿ ದೊರೆ ಒಂದನೆಯ ಜಾರ್ಜ್ ಕೇಂಬ್ರಿಜ್‌ಗೆ ಬಂದಾಗ ಹಲವರಿಗೆ ಡಾಕ್ಟರ್ ಪದವಿ ಕೊಡಲಾಯಿತು. ಬೆಂಟ್ಲಿ ಪದವಿ ಪಡೆಯುವವರಿಂದ ತಲಾ ನಾಲ್ಕು ಗಿನಿ (ಅಂದಿನ ಇಂಗ್ಲೆಂಡಿನ ಚಿನ್ನದ ನಾಣ್ಯ) ಹೆಚ್ಚುವರಿ ಶುಲ್ಕ ಕೇಳಿದರು. ಕಾನಿಯರ್ಸ್ ಮಿಡಲ್‌ಟನ್ ಎಂಬವರು ಆ ಹಣವನ್ನು ಮರಳಿ ಕೊಡಿಸಬೇಕೆಂದು ಉಪಕುಲಪತಿಗಳ ನ್ಯಾಯಪೀಠಕ್ಕೆ ಹೋದರು. ಸಮನ್ಸ್ ತಂದವನ ಮುಂದೆ ಬೆಂಟ್ಲಿ ಉಪಕುಲಪತಿಗಳನ್ನು ಹಗುರವಾಗಿ ಆಡಿಕೊಂಡರಂತೆ. ಅವಮಾನಗೊಂಡ ವಿಶ್ವವಿದ್ಯಾಲಯ 1718ರ ಅಕ್ಟೋಬರ್‌ನಲ್ಲಿ ಬೆಂಟ್ಲಿಯವರ ಪದವಿಗಳನ್ನೇ ಕಿತ್ತುಕೊಂಡಿತು. ಅವರನ್ನು ಕರೆಸಿ ಕೇಳುವ ಗೋಜಿಗೆ ಹೋಗಲಿಲ್ಲ.

ಪ್ರಕರಣ ಇಂಗ್ಲೆಂಡಿನ ಉನ್ನತ ನ್ಯಾಯಾಲಯಗಳಲ್ಲಿ ಒಂದಾದ ಕಿಂಗ್ಸ್ ಬೆಂಚ್ ಮುಂದೆ ಬಂತು. 1723ರಲ್ಲಿ ಆ ನ್ಯಾಯಾಲಯ ಪದವಿಗಳನ್ನು ಮರಳಿಸುವಂತೆ ಹೇಳಿತು. ನ್ಯಾಯಮೂರ್ತಿ ಫೋರ್ಟೆಸ್ಕ್ಯೂ ಅಂದು ಆಡಿದ ಮಾತನ್ನು ಸಹಜ ನ್ಯಾಯದ, ಅಂದರೆ ಆಪಾದಿತರ ಮಾತು ಕೇಳದೆ ದಂಡಿಸಬಾರದೆಂಬ ತತ್ವದ, ಪಾಠ ಹೇಳುವವರೆಲ್ಲ ಇಂದಿಗೂ ನೆನೆಯುತ್ತಾರೆ. ದೇವರೂ ಕೂಡ ಆದಮನಿಗೆ ಶಿಕ್ಷೆ ವಿಧಿಸುವ ಮೊದಲು ಅವನನ್ನು ಕರೆದು, ಎಲ್ಲಿದ್ದೀಯೆ, ತಿನ್ನಬಾರದೆಂದ ಮರದ ಹಣ್ಣನ್ನು ತಿಂದೆಯಾ ಎಂದು ಕೇಳಿದ ಎಂಬುದು ಅದರ ಸಾರ. ಎಲ್ಲವನ್ನೂ ಬಲ್ಲವನೇ ಕೇಳಿದ ಮೇಲೆ, ಎರಡು ಪುಸ್ತಕಗಳಲ್ಲಿ ಒಂದನ್ನೇ ಓದಿದ ನಾವು ಕೇಳದೆ ಇರುವುದು ಹೇಗೆ?

ಈ ಕಥೆಯಲ್ಲಿ ನನ್ನನ್ನು ಹಿಡಿದಿಟ್ಟಿರುವುದು ಇನ್ನೊಂದು ಸಂಗತಿ. ಕೇಳದೆ ದಂಡಿಸಬಾರದು ಎಂಬ ತತ್ವ ವಿಶ್ವವಿದ್ಯಾಲಯದ ಪ್ರಕರಣವೊಂದರಲ್ಲಿ ಅಷ್ಟು ಗಟ್ಟಿಯಾಗಿ ಕೇಳಿಬಂದದ್ದು ಯಾರಿಗೂ ಅಷ್ಟಾಗಿ ಬೇಡವಾಗಿದ್ದ, ಆದರೆ ಬಲವಿದ್ದ ಮನುಷ್ಯನಿಗಾಗಿ. ನ್ಯಾಯಾಲಯದ ಬಾಗಿಲು ತಟ್ಟುವ ಶಕ್ತಿ ಬೆಂಟ್ಲಿಯವರಿಗಿತ್ತು. ಬೇಡವಾದವರನ್ನೂ ಕೇಳಲೇಬೇಕು ಎಂಬ ಪಾಠವನ್ನು ವಿಶ್ವವಿದ್ಯಾಲಯಗಳು ತಕ್ಕಮಟ್ಟಿಗೆ ಕಲಿತಿವೆ. ಬಲವಿಲ್ಲದವರನ್ನೂ ಕೇಳಬೇಕು ಎಂಬ ಪಾಠ ಇನ್ನೂ ಬಾಕಿ ಇದೆ.

ಪ್ರಾಧ್ಯಾಪಕರಿಗೆ ಈ ರಕ್ಷಣೆ ಸುಮ್ಮನೆ ಬಂದದ್ದಲ್ಲ ಎಂಬುದನ್ನೂ ಹೇಳಬೇಕು. 1900ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ರಾಸ್ ಎಂಬ ಸಮಾಜಶಾಸ್ತ್ರಜ್ಞರು ಹುದ್ದೆ ಕಳೆದುಕೊಂಡರು. ಸಂಸ್ಥಾಪಕರಲ್ಲಿ ಒಬ್ಬರಾದ ಜೇನ್ ಸ್ಟ್ಯಾನ್‌ಫರ್ಡ್ ಅವರಿಗೆ ರಾಸ್ ಹೊರಗೆ ಆಡುತ್ತಿದ್ದ ಮಾತುಗಳು ಹಿಡಿಸಿರಲಿಲ್ಲ. ನಗರದ ಟ್ರಾಮ್ ಮಾರ್ಗಗಳು ನಗರಾಡಳಿತದ ಒಡೆತನದಲ್ಲಿರಬೇಕು ಎಂದು ರಾಸ್ ಹೇಳುತ್ತಿದ್ದರು. ಏಷ್ಯಾದಿಂದ ಬರುವ ಕೂಲಿಕಾರರ ವಿರುದ್ಧವೂ ಮಾತಾಡುತ್ತಿದ್ದರು. ಆ ಎರಡನೆಯ ಮಾತನ್ನು ಇಂದು ಓದಿದರೆ ಮೈ ಉರಿಯುತ್ತದೆ. ಆದರೂ ಅವರನ್ನು ಹೊರಹಾಕಿದ ರೀತಿ ತಪ್ಪು ಎಂದು ಹಲವು ಸಹೋದ್ಯೋಗಿಗಳು ತಾವೂ ರಾಜೀನಾಮೆ ಕೊಟ್ಟು ಹೊರನಡೆದರು. ಅವರಲ್ಲಿ ಒಬ್ಬರಾದ ಆರ್ಥರ್ ಲವ್‌ಜಾಯ್ ಮುಂದೆ 1915ರಲ್ಲಿ ತತ್ವಶಾಸ್ತ್ರಜ್ಞ ಜಾನ್ ಡ್ಯೂಯಿ ಮೊದಲಾದವರೊಂದಿಗೆ ಸೇರಿ ಅಮೆರಿಕದ ವಿಶ್ವವಿದ್ಯಾಲಯ ಪ್ರಾಧ್ಯಾಪಕರ ಸಂಘ ಕಟ್ಟಿದರು. ಆ ಸಂಘ ಕಾಲೇಜುಗಳ ಒಕ್ಕೂಟದೊಂದಿಗೆ ಸೇರಿ 1940ರಲ್ಲಿ ಹೊರಡಿಸಿದ ತತ್ವಗಳ ಹೇಳಿಕೆ, ಅಧ್ಯಾಪಕರು ನಾಗರಿಕರಾಗಿ ಮಾತಾಡುವಾಗ ಸಂಸ್ಥೆ ಅವರ ಬಾಯಿ ಕಟ್ಟಬಾರದು, ಶಿಸ್ತು ಕ್ರಮ ಹೂಡಬಾರದು ಎನ್ನುತ್ತದೆ. ಅದರ ಜೊತೆಗೇ ಅವರು ನಿಖರವಾಗಿರಬೇಕು, ಸಂಯಮ ತೋರಬೇಕು, ತಾವು ಸಂಸ್ಥೆಯ ಪರವಾಗಿ ಮಾತಾಡುತ್ತಿಲ್ಲ ಎಂಬುದನ್ನು ಸ್ಪಷ್ಟಪಡಿಸಬೇಕು ಎಂದೂ ಹೇಳುತ್ತದೆ. 1997ರ ಯುನೆಸ್ಕೊ ಶಿಫಾರಸು ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಉನ್ನತ ಶಿಕ್ಷಣದ ಬೋಧಕರ ಮೇಲೆ ನ್ಯಾಯವಾದ, ಸಾಕಷ್ಟು ಕಾರಣವಿಲ್ಲದೆ ಶಿಸ್ತು ಕ್ರಮ ಸಲ್ಲದು, ಆ ಕಾರಣವನ್ನು ಸಹೋದ್ಯೋಗಿಗಳ ಸ್ವತಂತ್ರ ವಿಚಾರಣೆಯಲ್ಲೋ ನ್ಯಾಯಾಲಯದಂತಹ ನಿಷ್ಪಕ್ಷಪಾತ ಪೀಠದ ಮುಂದೋ ತೋರಿಸಿಕೊಡಬೇಕು ಎಂಬುದು ಅದರ ಆಶಯ.

ಇವೆಲ್ಲ ಬೇಕು. ಒಂದಕ್ಷರವೂ ಕಡಿಮೆಯಾಗಬಾರದು. ಪಂಜರ ತೊಳೆಯುವವರಿಗಾಗಿ ಇಂಥ ಒಂದು ಹೇಳಿಕೆಯನ್ನು ಯಾವ ವಿದ್ವಾಂಸರ ಸಂಘವಾದರೂ ಇಷ್ಟೇ ಕಳಕಳಿಯಿಂದ ಬರೆಯಲಿ ಎಂಬುದಷ್ಟೇ ನನ್ನ ಆಸೆ.

ರಕ್ಷಣೆ ಹೆಚ್ಚಿದ್ದವರ ಮೇಲಿನ ಕ್ರಮ ಹೇಗೆ ಕುಸಿಯುತ್ತದೆ ಎಂಬುದನ್ನೂ ನಾನು ಕಂಡಿದ್ದೇನೆ. ಅದರಲ್ಲಿ ನನ್ನ ಕೈಯೂ ಇದೆ. ಅದನ್ನು ಬರೆಯದೆ ಮುಂದೆ ಹೋದರೆ ಈ ಬರಹಕ್ಕೆ ಅರ್ಥವಿಲ್ಲ.

ಸಂಶೋಧನಾ ಮಾರ್ಗದರ್ಶಕರೊಬ್ಬರ ಮೇಲೆ ಅವರ ವಿದ್ಯಾರ್ಥಿನಿಯೊಬ್ಬರು ದೂರು ಕೊಟ್ಟಿದ್ದರು. ಮಾರ್ಗದರ್ಶಕರ ಕೈಯಲ್ಲಿ ಏನೆಲ್ಲ ಇರುತ್ತದೆ ಎಂಬುದನ್ನು ಹೊರಗಿನವರಿಗೆ ಬಿಡಿಸಿ ಹೇಳಬೇಕು. ಪ್ರಬಂಧಕ್ಕೆ ಅವರ ಸಹಿ ಬೇಕು. ಶಿಷ್ಯವೇತನದ ಬಿಲ್ಲಿಗೆ ಅವರ ಸಹಿ ಬೇಕು. ಸಮ್ಮೇಳನಕ್ಕೆ ಹೋಗಲು, ರಜೆ ಹಾಕಲು, ಉಪಕರಣ ಮುಟ್ಟಲು, ನಾಳೆ ಕೆಲಸಕ್ಕೆ ಅರ್ಜಿ ಹಾಕಿದರೆ ಶಿಫಾರಸು ಪತ್ರಕ್ಕೆ ಎಲ್ಲದಕ್ಕೂ ಅವರೇ. ನಾಲ್ಕೈದು ವರ್ಷ ಒಬ್ಬ ಮನುಷ್ಯನ ಭವಿಷ್ಯ ಇನ್ನೊಬ್ಬರ ಪೆನ್ನಿನ ತುದಿಯಲ್ಲಿರುತ್ತದೆ. ನಡತೆ ನಿಯಮಗಳು ಮೊಟ್ಟಮೊದಲು ಕಾಯಬೇಕಾದದ್ದು ಈ ಜಾಗವನ್ನು. ತಡವಾಗಿ ಬರುವುದು, ಅನುಮತಿಯಿಲ್ಲದೆ ಊರು ಬಿಡುವುದು ಮುಂತಾದವಕ್ಕೆ ಪುಟಗಟ್ಟಲೆ ಜಾಗ ಕೊಡುವ ನಿಯಮಾವಳಿಗಳು ಇದಕ್ಕೆ ಎಷ್ಟೋ ಕಡೆ ಒಂದು ಸಾಲು ಕೊಟ್ಟಿರುತ್ತವೆ.

ಆ ಪ್ರಕರಣದ ದೋಷಾರೋಪ ಪಟ್ಟಿಯ ಕರಡು ನನ್ನದು. 'ಸಂಶೋಧನಾ ವಿದ್ಯಾರ್ಥಿನಿಯೊಂದಿಗೆ ಅನುಚಿತವಾಗಿ ವರ್ತಿಸಿ, ತಮ್ಮ ಸ್ಥಾನಕ್ಕೆ ತಕ್ಕುದಲ್ಲದ ರೀತಿಯಲ್ಲಿ ನಡೆದುಕೊಂಡಿರುತ್ತಾರೆ' ಎಂದು ಬರೆದೆ. ದಿನಾಂಕ ಹಾಕಲಿಲ್ಲ. ಯಾವ ಕೊಠಡಿ, ಯಾವ ಮಾತು, ಎಷ್ಟು ಹೊತ್ತಿಗೆ ಕಳಿಸಿದ ಯಾವ ಸಂದೇಶ ಎಂಬುದನ್ನು ಬರೆಯಲಿಲ್ಲ. ಆ ವಿದ್ಯಾರ್ಥಿನಿಗೆ ಮುಜುಗರವಾಗಬಾರದು ಎಂಬ ಒಳ್ಳೆಯ ಮನಸ್ಸೇ ಅದಕ್ಕೆ ಕಾರಣವಾಗಿತ್ತು. ಜೊತೆಗೆ ಪ್ರಾಥಮಿಕ ತನಿಖೆ ಮಾಡಿ 'ಆರೋಪ ನಿಜ' ಎಂದು ವರದಿ ಕೊಟ್ಟವರನ್ನೇ ವಿಚಾರಣಾಧಿಕಾರಿಯಾಗಿ ನೇಮಿಸಲಾಯಿತು. ಆಗಲೇ ತೀರ್ಮಾನಕ್ಕೆ ಬಂದವರು ಮತ್ತೆ ಹೇಗೆ ತೂಗಿ ನೋಡುತ್ತಾರೆ ಎಂದು ನಾನು ಟಿಪ್ಪಣಿಯಲ್ಲಿ ಎತ್ತಿ ತೋರಿಸಬೇಕಿತ್ತು. ಬೇಗ ಮುಗಿಯಲಿ ಎಂದು ಸುಮ್ಮನಿದ್ದೆ.

ಶಿಕ್ಷೆಯ ಆದೇಶ ಹೊರಬಿತ್ತು. ಮೇಲ್ಮನವಿಯಲ್ಲಿ ಬಿದ್ದುಹೋಯಿತು. ಆರೋಪ ಅಸ್ಪಷ್ಟ, ಆಪಾದಿತರಿಗೆ ಯಾವುದಕ್ಕೆ ಉತ್ತರಿಸಬೇಕು ಎಂಬುದೇ ತಿಳಿಯುವಂತಿಲ್ಲ, ತನಿಖೆ ಮಾಡಿದವರೇ ವಿಚಾರಣೆ ನಡೆಸಿದ್ದಾರೆ, ಆದ್ದರಿಂದ ಹೊಸದಾಗಿ ವಿಚಾರಣೆ ನಡೆಸಿ ಎಂದು ಹೇಳಿದರು. ಹೇಳಿದ್ದು ಸರಿಯಾಗಿಯೇ ಇತ್ತು. ಅಷ್ಟು ಹೊತ್ತಿಗೆ ಆ ವಿದ್ಯಾರ್ಥಿನಿ ಸಂಶೋಧನೆ ಬಿಟ್ಟು ಹೋಗಿ ವರ್ಷ ದಾಟಿತ್ತು. ನಾನೇ ಫೋನ್ ಮಾಡಿದೆ. ಮತ್ತೊಮ್ಮೆ ಸಾಕ್ಷಿ ಹೇಳಲು ಬರುತ್ತೀರಾ ಎಂದು ಕೇಳಿದೆ. "ಒಂದು ಸಲ ಹೇಳಿದ್ದೆನಲ್ಲ" ಎಂದರು. ಅಷ್ಟೇ. ಮಾರ್ಗದರ್ಶಕರು ಅದೇ ಕೊಠಡಿಗೆ ಮರಳಿದರು. ಬಾಗಿಲ ಮೇಲಿನ ಹೆಸರಿನ ಫಲಕವನ್ನು ಯಾರೂ ತೆಗೆದೇ ಇರಲಿಲ್ಲ.

ಆಪಾದಿತರಿಗೆ ಕೊಡುವ ಅವಕಾಶಗಳನ್ನೆಲ್ಲ 'ತಪ್ಪಿಸಿಕೊಳ್ಳುವ ದಾರಿ' ಎಂದು ಬೈಯುವವರನ್ನು ಕಂಡಾಗ ನನಗೆ ಆ ವಿದ್ಯಾರ್ಥಿನಿಯ ದನಿ ನೆನಪಾಗುತ್ತದೆ. ಅವರಿಗೆ ಅನ್ಯಾಯ ಮಾಡಿದ್ದು ಕಾರ್ಯವಿಧಾನವಲ್ಲ, ಕಾರ್ಯವಿಧಾನದಲ್ಲಿ ನಾವು ಮಾಡಿದ ಉದಾಸೀನ. ಆರೋಪವನ್ನು ದಿನಾಂಕ, ಸ್ಥಳ, ಕೃತ್ಯದ ಸಮೇತ ಬರೆದು, ಬೇರೆಯವರ ಕೈಗೆ ವಿಚಾರಣೆ ಕೊಟ್ಟು, ಪಾಟೀಸವಾಲನ್ನು ಸಮಿತಿಯ ಮೂಲಕವೇ ನಡೆಸಿ, ಮೊದಲ ವಾರದಲ್ಲೇ ಬೇರೆ ಮಾರ್ಗದರ್ಶಕರನ್ನು ಕೊಟ್ಟಿದ್ದರೆ ಅವರು ಇಂದು ಡಾಕ್ಟರೇಟ್ ಪಡೆದಿರುತ್ತಿದ್ದರು. ಮುಜುಗರ ಆಗಬಾರದೆಂದು ಮಸುಕು ಮಾತು ಬಳಸಿದರೆ ಅದರ ಲಾಭ ಯಾವಾಗಲೂ ಬಲವಿದ್ದವರಿಗೇ ಹೋಗುತ್ತದೆ. ಅಂದಿನಿಂದ ನನ್ನ ಯಾವ ಕರಡಿನಲ್ಲೂ 'ಅನುಚಿತ ವರ್ತನೆ' ಎಂಬ ಪದ ಒಂಟಿಯಾಗಿ ನಿಂತಿಲ್ಲ.

ಅಮಾನತಿನ ಬಗ್ಗೆಯೂ ಒಂದು ಮಾತು. ಅಮಾನತು ಶಿಕ್ಷೆಯಲ್ಲ ಎಂದು ಎಲ್ಲ ನಿಯಮಾವಳಿಗಳೂ ಹೇಳುತ್ತವೆ. ಸಾಕ್ಷಿಗಳನ್ನು ಹೆದರಿಸದಿರಲಿ, ದಾಖಲೆ ತಿದ್ದದಿರಲಿ ಎಂಬ ಮುನ್ನೆಚ್ಚರಿಕೆ ಅಷ್ಟೇ ಅನ್ನುತ್ತವೆ. ಕೊಠಡಿಯ ಬೀಗದ ಕೈ, ಗುರುತಿನ ಚೀಟಿ, ಗ್ರಂಥಾಲಯದ ಕಾರ್ಡು ಮೂರನ್ನೂ ಒಂದು ಲಕೋಟೆಯಲ್ಲಿ ಹಾಕಿ ನನ್ನ ಮೇಜಿನ ಮೇಲಿಟ್ಟು, ಸ್ವೀಕೃತಿ ಪತ್ರಕ್ಕೆ ಕಾಯುತ್ತ ನಿಂತವರ ಮುಖ ನೋಡಿದವರಿಗೆ ಆ ವಾಕ್ಯ ಗಂಟಲಿನಲ್ಲಿ ಇಳಿಯುವುದಿಲ್ಲ. ತಿಂಗಳುಗಟ್ಟಲೆ ಪರಿಶೀಲಿಸದೆ ಬಿಟ್ಟ ಅಮಾನತು ಶಿಕ್ಷೆಯೇ. ಆರೋಪ ಸಾಬೀತಾಗದೆ ಹಿಂತಿರುಗಿದವರೊಬ್ಬರು ಸಿಬ್ಬಂದಿ ಕೋಣೆಯಲ್ಲಿ ಮೊದಲಿನ ಕುರ್ಚಿಯಲ್ಲಿ ಕುಳಿತರೂ ಪಕ್ಕದ ಕುರ್ಚಿ ಖಾಲಿಯಾಗಿಯೇ ಇರುತ್ತಿತ್ತು.

ಸಹಾಯಕರ ಕಡತ ಏನಾಯಿತು ಎಂದು ಕೇಳುವವರಿಗೆ: ಪ್ರಾಣಿಗಳ ಮನೆಯ ನೋಟ್‌ಬುಕ್‌ನ ಪ್ರತಿಗಳನ್ನು ಲಗತ್ತಿಸಿ ಕುಲಸಚಿವರಿಗೆ ಟಿಪ್ಪಣಿ ಬರೆದೆ. ಅವರು ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, 'ಕ್ರಮ ಕೈಬಿಡಲಾಗಿದೆ' ಎಂದು ಸಹಿ ಹಾಕಿದರು. ಬೆಳಗಿನ ಕೆಲಸಕ್ಕೆ ಲಿಖಿತ ಆದೇಶ ಹೊರಟಿತು, ಕೆಲಸದ ವೇಳೆ ಬದಲಾಯಿತು. ಮುಖ್ಯಸ್ಥರಿಗೆ ಬಾಯಿಮಾತಿನ ಅಪ್ಪಣೆಯ ಬಗ್ಗೆ ಯಾರೂ ಒಂದು ಮಾತನ್ನೂ ಕೇಳಲಿಲ್ಲ. ಅದನ್ನು ಟಿಪ್ಪಣಿಯಲ್ಲಿ ಬರೆದಿದ್ದೆ. ಆ ಸಾಲಿನ ಪಕ್ಕ ಯಾವ ಗುರುತೂ ಬೀಳಲಿಲ್ಲ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 158ನೆಯ ಒಡಂಬಡಿಕೆ 1982ರದು. ಅದರ ಏಳನೆಯ ವಿಧಿಯ ಪ್ರಕಾರ, ನಡತೆ ಅಥವಾ ಕೆಲಸದ ಗುಣಮಟ್ಟದ ಕಾರಣಕ್ಕೆ ಯಾರನ್ನಾದರೂ ತೆಗೆಯುವ ಮೊದಲು ಆರೋಪಕ್ಕೆ ಉತ್ತರಿಸಲು ಅವಕಾಶ ಕೊಡಬೇಕು. ಎಂಟನೆಯದು ನಿಷ್ಪಕ್ಷಪಾತ ಪೀಠಕ್ಕೆ ಮೇಲ್ಮನವಿಯ ಹಕ್ಕು ಕೊಡುತ್ತದೆ. ರುಜುವಾತಿನ ಹೊರೆ ಕೆಲಸಗಾರರೊಬ್ಬರ ಮೇಲೇ ಬೀಳಬಾರದು ಎನ್ನುತ್ತದೆ ಒಂಬತ್ತನೆಯದು. ಅದು ಪ್ರಾಧ್ಯಾಪಕ, ಗುಮಾಸ್ತ, ತೋಟದ ಕೆಲಸಗಾರ ಎಂದು ಭೇದ ಮಾಡುವುದಿಲ್ಲ. ಕೆಲಸದ ಜಾಗದ ಹಿಂಸೆ ಮತ್ತು ಕಿರುಕುಳದ ಬಗೆಗಿನ 2019ರ 190ನೆಯ ಒಡಂಬಡಿಕೆ ಇನ್ನೂ ಸ್ಪಷ್ಟವಾಗಿದೆ: ಗುತ್ತಿಗೆ ಯಾವ ಬಗೆಯದಾದರೂ ಸರಿ, ತರಬೇತಿಯಲ್ಲಿರುವವರಾದರೂ ಸರಿ, ಕೆಲಸ ಕಳೆದುಕೊಂಡವರಾದರೂ ಸರಿ, ರಕ್ಷಣೆ ಎಲ್ಲರಿಗೂ ಇದೆ. ಎಲ್ಲ ದೇಶಗಳೂ ಇವುಗಳಿಗೆ ಸಹಿ ಹಾಕಿಲ್ಲ. ಆದರೆ ನ್ಯಾಯವಾಗಿ ನಡೆದುಕೊಳ್ಳಲು ವಿಶ್ವವಿದ್ಯಾಲಯವೊಂದಕ್ಕೆ ತನ್ನ ದೇಶದ ಸಹಿಗಾಗಿ ಕಾಯಬೇಕಾದ ಅಗತ್ಯವೇನಿದೆ?

ನಮ್ಮ ಕಚೇರಿಯ ಮಹಡಿಯನ್ನು ಗುಡಿಸಿ ಒರೆಸುತ್ತಿದ್ದವರು ಏಜೆನ್ಸಿಯ ಮೂಲಕ ಬಂದಿದ್ದ ಒಬ್ಬ ಹೆಂಗಸು. ನಾನು ಬರುವ ಮೊದಲೇ ನೆಲ ಒಣಗಿರುತ್ತಿತ್ತು. ಕಿಟಕಿಯ ಬಳಿಯ ಕಡತಗಳಿಗೆ ನೀರು ತಾಗದಂತೆ ಅವುಗಳ ಕೆಳಗೆ ಹಳೆಯ ರಟ್ಟು ಜೋಡಿಸಿಡುತ್ತಿದ್ದರು. ಅದನ್ನು ಮಾಡಲು ಅವರಿಗೆ ಯಾರೂ ಹೇಳಿರಲಿಲ್ಲ. ಒಂದು ಸೋಮವಾರ ಬೇರೆ ಯಾರೋ ಒರೆಸುತ್ತಿದ್ದರು. ಕೇಳಿದೆ. ಯಾವುದೋ ಕೊಠಡಿಯಲ್ಲಿ ಏನೋ ಕಾಣೆಯಾಯಿತಂತೆ, ಯಾರೋ ಏಜೆನ್ಸಿಗೆ ಫೋನ್ ಮಾಡಿ 'ನಾಳೆಯಿಂದ ಆಕೆಯನ್ನು ಕಳಿಸಬೇಡಿ' ಎಂದರಂತೆ.

ಏನು ಕಾಣೆಯಾಯಿತು, ಯಾವ ಕೊಠಡಿ, ಯಾರು ಹೇಳಿದರು, ಆಕೆ ಏನೆಂದರು ಎಂದು ತಿಳಿಯಲು ಮಧ್ಯಾಹ್ನದವರೆಗೆ ಓಡಾಡಿದೆ. ಒಬ್ಬರೂ ನೇರವಾಗಿ ಉತ್ತರಿಸಲಿಲ್ಲ. 'ಅವರು ನಮ್ಮ ನೌಕರರಲ್ಲವಲ್ಲ' ಎಂಬ ಮಾತನ್ನು ಮೂರು ಮೇಜುಗಳಲ್ಲಿ ಕೇಳಿದೆ. ಮರಳಿ ಬಂದು ಟಿಪ್ಪಣಿ ಬರೆದೆ: ವಿಶ್ವವಿದ್ಯಾಲಯದ ಆವರಣದಲ್ಲಿ ದುಡಿಯುವ ಯಾರನ್ನೇ ಆಗಲಿ ದೂರಿನ ಕಾರಣಕ್ಕೆ ಬಾರದಂತೆ ಮಾಡುವ ಮೊದಲು ಕಾರಣವನ್ನು ಲಿಖಿತವಾಗಿ ತಿಳಿಸಿ, ಅವರ ಮಾತನ್ನು ಕೇಳಿ ದಾಖಲಿಸತಕ್ಕದ್ದು.

ಟಿಪ್ಪಣಿಯನ್ನು ಸೇರಿಸಲು ಕಡತ ಹುಡುಕಿದೆ. ಪ್ರಾಧ್ಯಾಪಕರದು ಮೂರು ಸಂಪುಟ ಇತ್ತು, ಸಹಾಯಕರದು ತೆಳ್ಳಗಿನದೊಂದು ಇತ್ತು. ಆಕೆಯ ಹೆಸರಿನಲ್ಲಿ ಕಡತವೇ ಇರಲಿಲ್ಲ. ಹೊಸ ರಟ್ಟು ತೆಗೆದು ಹೆಸರು ಬರೆಯಲು ಹೋದಾಗ, ಆಕೆಯ ಪೂರ್ತಿ ಹೆಸರು ನನಗೂ ಗೊತ್ತಿರಲಿಲ್ಲ. ಏಜೆನ್ಸಿಗೆ ಫೋನ್ ಮಾಡಿ ಕೇಳಿ, ಬರೆದು, ಕೆಳಗೆ ದಿನಾಂಕ ಹಾಕಿ, 'ನೌಕರರ ವಿವರಣೆ' ಎಂಬ ಅಂಕಣವನ್ನು ಖಾಲಿ ಬಿಟ್ಟು ಮೇಲಕ್ಕೆ ಕಳಿಸಿದೆ. ಕಡತ ಇನ್ನೂ ಮೇಲೆಯೇ ಇದೆ. ಪ್ರತಿ ತಿಂಗಳ ಮೊದಲ ವಾರ ಅದಕ್ಕೆ ಒಂದು ಜ್ಞಾಪನ ಕಳಿಸುತ್ತೇನೆ.